ಅಡ್ಡ ಹಿಡಿದ ಕೈ

ಶನಿವಾರ ಮಧ್ಯಾಹ್ನ ಮೂರಕ್ಕೆ ಚರ್ಚಿನ ಹಿಂದಿನ ಕೋಣೆಯಲ್ಲಿ ವೇದಪಾಠ. ಮೂರು ಅಂದರೆ ಎಕ್ಸ್‌ರೇಯಕ್ಕನಿಗೆ ಮೂರು, ಉಳಿದವರಿಗೆ ಮೂರೂಕಾಲು. ಅವಳು ಬಂದು ಬೀಗ ತೆಗೆದು, ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿಗಳನ್ನು ಬಿಡಿಸಿ ದುಂಡಗೆ ಹಾಕಿ, ಒಂದು ಕಿಟಕಿ ತೆರೆದು, ಇನ್ನೊಂದು ಕಿಟಕಿಯ ಚಿಲಕ ತುಕ್ಕು ಹಿಡಿದಿದೆಯೆಂದು ಪ್ರತಿ ವಾರದಂತೆ ಆ ವಾರವೂ ಗೊಣಗಿಕೊಂಡು ಕೂರುತ್ತಿದ್ದಳು.

ಆ ಚರ್ಚಿನಲ್ಲಿ ಅಕ್ಕಂದಿರಿಗೆ ಬರವಿರಲಿಲ್ಲ. ಹಾಡಿನ ಅಕ್ಕ ಇದ್ದಳು, ಹೂವಿನ ಅಕ್ಕ ಇದ್ದಳು. ಹಾಗಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಜನರ ಮೂಳೆಗಳ ಚಿತ್ರ ತೆಗೆಯುತ್ತಿದ್ದ ಇವಳು ಎಕ್ಸ್‌ರೇಯಕ್ಕ ಆದಳು. ವಯಸ್ಸು ಐವತ್ತೆರಡು. ಮದುವೆಯಾಗಿರಲಿಲ್ಲ. ಲಾರಿ ಮೆಕ್ಯಾನಿಕ್ ಆಗಿದ್ದ ತಮ್ಮ ಮತ್ತು ಅವನ ಹೆಂಡತಿಯ ಜೊತೆ ಇದ್ದಳು. ತಮ್ಮನ ಮಗಳ ಮದುವೆಯಾದ ಮೇಲೆ ಮಹಡಿ ಮೇಲಿನ ರೂಮು ಖಾಲಿ ಬಿದ್ದಿತ್ತು. ಯಾರಾದರೂ ಒಳ್ಳೆಯವರು ಸಿಕ್ಕರೆ ಕೊಡೋಣ ಅಂತ ಅಕ್ಕ ವೇದಪಾಠಕ್ಕೆ ಬರುವವರಿಗೆಲ್ಲ ಹೇಳಿಟ್ಟಿದ್ದಳು. ವೇದಪಾಠ ನಡೆಸುವ ಹೊಣೆ ಒಂಬತ್ತು ವರ್ಷದ ಹಿಂದೆ ತಾತ್ಕಾಲಿಕವಾಗಿ ಅವಳ ಹೆಗಲಿಗೆ ಬಿದ್ದು ಅಲ್ಲೇ ಕಾಯಂ ಆಗಿಬಿಟ್ಟಿತ್ತು.

ಬರುತ್ತಿದ್ದವರು ನಾಲ್ಕೇ ಜನ. ಒಬ್ಬರು ನಿವೃತ್ತ ಬಸ್ ಕಂಡಕ್ಟರ್. ಚರ್ಚೆ ಎಲ್ಲಾದರೂ ಸಿಕ್ಕಿಕೊಂಡು ಎಲ್ಲರೂ ಸುಮ್ಮನಾದರೆ, "ಮುಂದೆ ಹೋಗಿ, ಮುಂದೆ ಜಾಗ ಇದೆ" ಅನ್ನುತ್ತಿದ್ದರು. ಮೂವತ್ತೊಂದು ವರ್ಷ ಹೇಳಿದ ಮಾತು, ಬಾಯಿಂದ ಹೋಗಿರಲಿಲ್ಲ. ಇನ್ನೊಬ್ಬರು ಎಂಬತ್ತು ದಾಟಿದ ಅಜ್ಜಿ. ಕಿವಿಗೆ ಮಿಷನ್ ಹಾಕಿಕೊಂಡಿದ್ದರು. ಮಾತು ಬೇಸರವಾದರೆ ಅದನ್ನು ಬಂದ್ ಮಾಡಿ, ಕಣ್ಣು ಮಾತ್ರ ತೆರೆದಿಟ್ಟು ಕೂರುತ್ತಿದ್ದರು. ಉಳಿದಿಬ್ಬರು ಗಂಡ ಹೆಂಡತಿ.

ಗಂಡ ಗಡಿಯಾರ ರಿಪೇರಿಯವನು. ತೆಳ್ಳಗೆ, ಬೆಳ್ಳಗೆ, ಮಾತಾಡಿದರೆ ಪಕ್ಕದವರಿಗಷ್ಟೇ ಕೇಳಿಸಬೇಕು. ಅಕ್ಕಿಕಾಳಿಗಿಂತ ಚಿಕ್ಕ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಬೆರಳುಗಳು. ಚರ್ಚಿನ ಗೋಪುರದ ದೊಡ್ಡ ಗಡಿಯಾರ ಇಪ್ಪತ್ತು ವರ್ಷ ನಿಂತಿದ್ದನ್ನು ಒಬ್ಬನೇ ಹತ್ತಿ ಓಡಿಸಿದವನು. ಎಲ್ಲರೂ ಗಡಿಯಾರದಣ್ಣ ಅನ್ನುತ್ತಿದ್ದರು. ಹೆಂಡತಿ ಒಬ್ಬ ದರ್ಜಿಯ ಅಂಗಡಿಗೆ ಮನೆಯಲ್ಲೇ ಕೂತು ಕಾಜಾ ಹಾಕಿ ಗುಂಡಿ ಹೊಲಿದುಕೊಡುತ್ತಿದ್ದಳು. ಅವಳು ಕಾಜಾದವಳು. ಗಿಡ್ಡ ಆಳು, ದೊಡ್ಡ ದನಿ. ಎಲ್ಲರೂ ಪ್ರೀತಿಯ ಅಧ್ಯಾಯ ಓದೋಣ, ಸಮಾಧಾನದ ಅಧ್ಯಾಯ ಓದೋಣ ಅಂದರೆ ಅವಳು ಮಾತ್ರ ವೇದಪುಸ್ತಕದ ಹಳೆಯ ಭಾಗದಲ್ಲಿ ಯಾರೂ ಕಣ್ಣು ಹಾಯಿಸದ ಪುಟಗಳಿಗೆ ಕಾಗದದ ಚೂರು ಇಟ್ಟುಕೊಂಡು ಬರುತ್ತಿದ್ದಳು.

ಆ ಶನಿವಾರವೂ ಹಾಗೇ ಆಯಿತು. ಅವಳು ತೆಗೆಸಿದ್ದು ಯುದ್ಧದ ಅಧ್ಯಾಯ. ಒಂದು ಊರು ಬೀಳುತ್ತದೆ. ಗಂಡಸು, ಹೆಂಗಸು, ಮುದುಕ, ಮಗು, ದನಕರು ಯಾವುದನ್ನೂ ಉಳಿಸಬೇಡಿ ಎಂದು ದೇವರ ಅಪ್ಪಣೆಯಾಗುತ್ತದೆ. ಕಂಡಕ್ಟರ್ ಗಟ್ಟಿಯಾಗಿ ಓದಿ ಮುಗಿಸಿ ಕನ್ನಡಕ ತೆಗೆದು ಒರೆಸಿದರು. 

"ಮುಂದೆ ಹೋಗಿ ಅನ್ನೋಕೂ ಬಾಯಿ ಬರ್ತಿಲ್ಲ" ಅಂದರು ಕಂಡಕ್ಟರ್.

ಗಡಿಯಾರದಣ್ಣ ಮೆಲ್ಲಗೆ ಶುರುಮಾಡಿದ. "ನನಗೆ ಅನ್ಸೋದು ಇಷ್ಟೇ. ಆಗಿನ ಜನ ತಾವು ಮಾಡಿದ್ದನ್ನ ದೇವರ ತಲೆಗೆ ಕಟ್ಟಿದ್ರು. ಕತ್ತಿ ಎತ್ತಿದ್ದು ಇವರು. ಆಮೇಲೆ ದೇವರೇ ಎತ್ತಿಸಿದ ಅಂತ ಬರೆದಿಟ್ರು. ದೇವರು ಹಾಗಿಲ್ಲ. ದೇವರು ಕೈ ಎತ್ತೋನೇ ಅಲ್ಲ. ಅವನಿಗೆ ಗೊತ್ತಿರೋದು ಒಂದೇ, ಕ್ಷಮಿಸೋದು."

ಎಕ್ಸ್‌ರೇಯಕ್ಕ ಅದನ್ನು ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಓದಿದ ಮನುಷ್ಯನಲ್ಲ, ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಾನೆ ಅನ್ನಿಸಿತು.

"ಕೈ ಎತ್ತದ ದೇವರನ್ನ ಇಟ್ಕೊಂಡು ಏನು ಮಾಡೋದು?" ಅಂದಳು ಕಾಜಾದವಳು.

"ಯಾಕಮ್ಮ ಹಾಗಂತೀಯ?" ಅಂದಳು ಅಕ್ಕ.

"ಮತ್ತೇನು ಅಕ್ಕ? ಹೊಡೆಯೋನೂ ಅವನ ಮಗನೇ, ಹೊಡೆಸ್ಕೊಳ್ಳೋನೂ ಅವನ ಮಗನೇ ಅಂತ ಇಬ್ಬರ ತಲೆ ಸವರಿಕೊಂಡು ಕೂತ್ರೆ, ಹೊಡೆಸ್ಕೊಂಡೋನಿಗೆ ಏನು ಸಿಕ್ತು? ಈ ದೇವರಿಗೆ ಸಿಟ್ಟಾದ್ರೂ ಬರುತ್ತೆ. ಯಾರೋ ಕೂಗಿದ್ದು ಕೇಳಿಸುತ್ತೆ, ಎದ್ದು ಬರ್ತಾನೆ. ಅಷ್ಟು ಸಾಕು ನನಗೆ."

"ಸರಿ. ಆ ಊರಿನ ಮಕ್ಕಳು ಏನು ಮಾಡಿದ್ವು?" ಅಂತ ಕೇಳಿದಳು ಅಕ್ಕ.

ಕಾಜಾದವಳು ಪುಸ್ತಕದ ಮೇಲೆ ಕೈಯಿಟ್ಟಳು. "ಅದು ನನಗೂ ಗೊತ್ತಿಲ್ಲ" ಅಂದಳು. "ಅದನ್ನ ಓದುವಾಗ ಆ ಸಾಲನ್ನ ನಾನೂ ಬೆರಳಲ್ಲಿ ಮುಚ್ಚಿಬಿಡ್ತೀನಿ. ಆದ್ರೆ ಆ ಸಿಟ್ಟನ್ನೇ ಕಿತ್ತು ಬಿಸಾಕಿದ್ರೆ ಉಳಿಯೋನು ನನಗೆ ಬೇಡ."

ಗಂಡ ನಕ್ಕು ಅವಳ ಮುಂಗೈ ತಟ್ಟಿದ. "ಇವಳದು ಸ್ವಲ್ಪ ಬಿಸಿ ರಕ್ತ. ತಪ್ಪು ತಿಳ್ಕೋಬೇಡಿ ಅಕ್ಕ." ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಕಾಜಾದವಳು ನಗಲಿಲ್ಲ. ತಟ್ಟಿದ ಕೈ ಅಲ್ಲಿಂದ ಹೋಗುವವರೆಗೆ ಅವಳು ಅಲುಗಾಡಲಿಲ್ಲ. ಅದನ್ನು ಅಕ್ಕ ನೋಡಿದ್ದಳು. ಆಗ ಅದಕ್ಕೊಂದು ಅರ್ಥ ಇದೆಯೆಂದು ಅವಳಿಗೆ ಹೊಳೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಎಕ್ಸ್‌ರೇ ರೂಮಿನ ಬಾಗಿಲಲ್ಲಿ ಹದಿನಾಲ್ಕನೇ ನಂಬರಿನ ಚೀಟಿ ಹಿಡಿದು ಕಾಜಾದವಳು ನಿಂತಿದ್ದಳು. ಎಡಗೈಯನ್ನು ಟವೆಲ್ಲಿನಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡಿದ್ದಳು. ಒಬ್ಬಳೇ ಬಂದಿದ್ದಳು.

"ಏನಾಯ್ತೇ?"

"ಬಚ್ಚಲಲ್ಲಿ ಜಾರಿದೆ."

ಅಕ್ಕ ಅವಳನ್ನು ಮೇಜಿನ ಪಕ್ಕ ಕೂರಿಸಿ, ಸೀಸದ ಹೊದಿಕೆ ಹೊದಿಸಿ, ಕೈಯನ್ನು ಮೆಲ್ಲಗೆ ಪ್ಲೇಟಿನ ಮೇಲೆ ಇಡಿಸಿದಳು. ಒಂದು ಸಲ ಅಂಗೈ ಮೇಲಕ್ಕೆ, ಒಂದು ಸಲ ಅಡ್ಡಕ್ಕೆ. ಕೈ ತಿರುಗಿಸುವಾಗ ಅವಳು ಹಲ್ಲು ಕಚ್ಚಿದಳೇ ಹೊರತು ಚಕಾರ ಎತ್ತಲಿಲ್ಲ. ಅಕ್ಕ ಒಳಗಿನ ಗಾಜಿನ ಕೋಣೆಗೆ ಹೋಗಿ ಗುಂಡಿ ಒತ್ತಿದಳು. ಚಿತ್ರ ಪರದೆಯ ಮೇಲೆ ಬಂತು.

ಮುಂಗೈಯಲ್ಲಿ ಎರಡು ಮೂಳೆ. ಜಾರಿ ಬೀಳುವವರು ಅಂಗೈ ಊರುತ್ತಾರೆ. ಆಗ ಮುರಿಯುವುದು ಸಾಮಾನ್ಯವಾಗಿ ಮಣಿಕಟ್ಟಿನ ಹತ್ತಿರ, ಹೆಬ್ಬೆರಳಿನ ಕಡೆಯ ಮೂಳೆ. ಅಂಥದ್ದನ್ನು ಅಕ್ಕ ಸಾವಿರ ನೋಡಿದ್ದಳು. ಇಲ್ಲಿ ಮುರಿದಿದ್ದದ್ದು ಕಿರುಬೆರಳಿನ ಕಡೆಯ ಮೂಳೆ, ನಟ್ಟನಡುವೆ, ಅಡ್ಡಕ್ಕೆ, ಚಾಕ್‌ಪೀಸು ಮುರಿದ ಹಾಗೆ. ತಲೆಯ ಮೇಲೆ ಬರುವ ಏಟಿಗೆ ಕೈ ಅಡ್ಡ ಹಿಡಿದಾಗ ಮುರಿಯುವುದು ಅಲ್ಲಿ. ಅದಕ್ಕಿಂತ ಎರಡು ಬೆರಳು ಕೆಳಗೆ, ಅದೇ ಮೂಳೆಯ ಮೇಲೆ, ಹಿಂದೆಂದೋ ಮುರಿದು ಕೂಡಿಕೊಂಡ ಗಂಟು ಇತ್ತು.

ಅಕ್ಕ ಹೊರಗೆ ಬಂದು ಬಾಗಿಲು ಹಾಕಿದಳು.

"ಜಾರಿ ಬಿದ್ರೆ ಇದು ಮುರಿಯಲ್ಲ."

"ಗೊತ್ತು" ಅಂದಳು ಕಾಜಾದವಳು. "ಹಿಂದಿನ ಸಲ ಬೇರೆ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿನ ಡಾಕ್ಟರೂ ಇದನ್ನೇ ಹೇಳಿದ್ರು. ಹೇಳಿ, ಕಟ್ಟು ಹಾಕಿ ಕಳಿಸಿದ್ರು."

"ಅವನಾ?"

"ಮನೇಲಿ ಇನ್ಯಾರಿದ್ದಾರೆ?"

ಅಕ್ಕ ಎದುರಿನ ಸ್ಟೂಲಿನ ಮೇಲೆ ಕೂತಳು. ಹದಿನಾರು ವರ್ಷದ ಕಥೆಯನ್ನು ಕಾಜಾದವಳು ಹದಿನಾರು ವಾಕ್ಯದಲ್ಲಿ ಮುಗಿಸಿದಳು. ಮೊದಮೊದಲು ಆರು ತಿಂಗಳಿಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ. ಈಗೀಗ ವೇದಪಾಠ ಮುಗಿದ ಸಂಜೆ.

"ವೇದಪಾಠ ಮುಗಿದ ಮೇಲಾ?"

"ನಾಲ್ಕು ಜನರ ಮುಂದೆ ನಾನು ಎದುರು ಮಾತಾಡಿದ್ರೆ."

"ಮತ್ತೆ ಯಾಕೆ ಮಾತಾಡ್ತೀಯ?" ಆಡಿದ ಮೇಲೆ ಅಕ್ಕನಿಗೆ ನಾಲಗೆ ಕಚ್ಚಿಕೊಳ್ಳುವ ಹಾಗಾಯಿತು.

"ಅಲ್ಲಿಯಾದ್ರೂ ಮಾತಾಡದಿದ್ರೆ ನಾನು ಇದ್ದೀನಿ ಅಂತ ನನಗೇ ಮರೆತುಹೋಗುತ್ತೆ ಅಕ್ಕ." ಅವಳ ದನಿಯಲ್ಲಿ ಅಳು ಇರಲಿಲ್ಲ. "ಹೊಡೆದ ಮೇಲೆ ಅಳ್ತಾನೆ. ಮಂಡಿಯೂರ್ತಾನೆ. ದೇವರು ನನ್ನನ್ನ ಕ್ಷಮಿಸಿದಾನೆ ಅಂತಾನೆ. ನನ್ನನ್ನ ಕೇಳೋದೇ ಇಲ್ಲ, ನೇರವಾಗಿ ಮೇಲಿನವನ ಹತ್ರಾನೇ ಮುಗಿಸ್ಕೊಂಡು ಬರ್ತಾನೆ."

ಹೊರಗೆ ಯಾರೋ ಬಾಗಿಲು ತಟ್ಟಿದರು. "ಒಂದು ನಿಮಿಷ" ಅಂದಳು ಅಕ್ಕ.

"ನಿಮ್ಮ ಮಹಡಿ ರೂಮು ಇನ್ನೂ ಖಾಲಿ ಇದ್ಯಾ?" ಅಂತ ಕೇಳಿದಳು ಕಾಜಾದವಳು. "ಹತ್ತು ದಿನ ಸಾಕು. ಅಷ್ಟರಲ್ಲಿ ನಮ್ಮಕ್ಕನ ಮಗಳಿಗೆ ಬರೆದು ಆ ಕಡೆ ಹೋಗ್ತೀನಿ. ಇವತ್ತೇ ಬರ್ತೀನಿ. ಮನೆಗೂ ಹೋಗಲ್ಲ, ಇಲ್ಲಿಂದ ಸೀದಾ."

ಅಕ್ಕನ ತಲೆಯಲ್ಲಿ ಒಂದೇ ಗಳಿಗೆಯಲ್ಲಿ ಏನೇನೋ ಓಡಿದವು. ಗಡಿಯಾರದಣ್ಣ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ತಮ್ಮ ಮುಂಗೋಪಿ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ. ಭಾನುವಾರ ಚರ್ಚಿನಲ್ಲಿ ಮುಖ ಮುಖ ನೋಡುತ್ತಾರೆ. ಗಂಡ ಹೆಂಡಿರ ನಡುವೆ ಕೈ ಹಾಕಿದವಳು, ಅದೂ ಮದುವೆಯಾಗದವಳು.

"ತಮ್ಮನ್ನ ಒಂದು ಮಾತು ಕೇಳಬೇಕಲ್ಲ" ಅಂದಳು. "ಮೊದಲು ನಮ್ಮ ಪಾದ್ರಿ ಅಯ್ಯನವರ ಹತ್ರ ಮಾತಾಡ್ತೀನಿ ಕಣೇ. ಅವರು ಒಂದು ದಾರಿ ತೋರಿಸ್ತಾರೆ."

ಕಾಜಾದವಳ ಮುಖ ಅಂಗಡಿ ಬಾಗಿಲು ಎಳೆದ ಹಾಗೆ ಮುಚ್ಚಿಕೊಂಡಿತು. "ಬೇಡ ಅಕ್ಕ. ಅಯ್ಯನವರಿಗೆ ಹೇಳಬೇಡಿ."

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅವಳು ಟವೆಲ್ಲು ಸರಿಮಾಡಿಕೊಂಡು ಎದ್ದಳು. ಹದಿನೈದನೇ ನಂಬರಿನವರು ಒಳಗೆ ಬಂದರು.

ಸಂಜೆ ಅಡುಗೆಮನೆಯಲ್ಲಿ ತಮ್ಮನ ಹೆಂಡತಿಗೆ ಎಲ್ಲ ಹೇಳಿದಾಗ ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಅತ್ತಿಗೆಯ ಮುಖವನ್ನೇ ನೋಡಿದಳು.

"ರೂಮಿದೆ, ಹಾಸಿಗೆ ಇದೆ. ಕೇಳೋದೇನಿತ್ತು ಅತ್ತಿಗೆ? ಕೈ ಹಿಡಿದು ಕರ್ಕೊಂಡು ಬರಬೇಕಿತ್ತು."

"ನಾಳೆ ಅಯ್ಯನವರಿಗೆ ಹೇಳ್ತೀನಿ."

"ಮುರಿದಿರೋದು ಅಯ್ಯನವರ ಕೈಯಾ?"

 ತಮ್ಮನ ಹೆಂಡತಿಗೆ ಚರ್ಚಿನ ವಿಷಯ ಏನು ಗೊತ್ತು ಅಂತ ಅಕ್ಕ ಮನಸ್ಸಿನಲ್ಲೇ ಅಂದುಕೊಂಡಳು.

ಬುಧವಾರ ಆಸ್ಪತ್ರೆ ಮುಗಿಸಿ ಸೀದಾ ಅಯ್ಯನವರ ಮನೆಗೆ ಹೋದಳು. ಅಯ್ಯನವರು ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಪಾತ್ರೆ ತೊಳೆಯಲು ನಿಲ್ಲುವಂಥವರು. ಕೇಳಿ ತಲೆ ಮೇಲೆ ಕೈ ಹೊತ್ತರು.

"ಅವನಾ? ಒಂದು ಇರುವೆ ತುಳಿಯೋನಲ್ಲ."

"ನಾನೇ ಚಿತ್ರ ತೆಗೆದಿದ್ದು."

"ನಿಮ್ಮ ಮಾತು ಸುಳ್ಳು ಅಂತಿಲ್ಲ ಅಕ್ಕ. ನಾನು ಮಾತಾಡ್ತೀನಿ. ಮೃದುವಾಗೇ ಮಾತಾಡಬೇಕು, ಇಲ್ಲಾಂದ್ರೆ ಮನೆ ಒಡೆಯುತ್ತೆ."

ಅಕ್ಕನ ಎದೆ ಹಗುರವಾಯಿತು. ಹೊರೆ ಇಳಿಸಬೇಕಾದ ಜಾಗದಲ್ಲೇ ಇಳಿಸಿದೆ ಅನ್ನಿಸಿತು. ಆವತ್ತು ಚೆನ್ನಾಗಿ ಊಟ ಮಾಡಿದಳು. ಮುಂದೆ ಎಷ್ಟೋ ತಿಂಗಳು, ಬೇರೆಲ್ಲದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡುತ್ತಿದ್ದದ್ದು ಆ ಊಟವೇ.

ಶುಕ್ರವಾರ ಅಯ್ಯನವರೇ ಫೋನ್ ಮಾಡಿದರು. "ಆಯ್ತು ಅಕ್ಕ. ಕರೆಸಿ ಮಾತಾಡಿದೆ. ಮಗು ಅತ್ತ ಹಾಗೆ ಅತ್ತ. ಇನ್ನು ಇಲ್ಲ ಅಂತ ಮಾತು ಕೊಟ್ಟ. ಇಬ್ಬರೂ ಪ್ರಾರ್ಥನೆ ಮಾಡಿದ್ವಿ."

"ನನ್ನ ಹೆಸರು ಹೇಳಿದ್ರಾ?"

"ಛೆ, ಇಲ್ಲ. ಆಸ್ಪತ್ರೆ ಕಡೆಯಿಂದ ತಿಳೀತು ಅಂದೆ, ಅಷ್ಟೆ."

ಫೋನ್ ಇಟ್ಟ ಮೇಲೆ ಅಕ್ಕ ಆ ಮಾತನ್ನು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡಳು. ಆಸ್ಪತ್ರೆ ಕಡೆಯಿಂದ. ಆ ಊರಿನ ಆಸ್ಪತ್ರೆಯಲ್ಲಿ ಆ ಚರ್ಚಿನವಳು ಅಂತ ಇದ್ದದ್ದು ತಾನೊಬ್ಬಳೇ.  ಆದರೂ ಸಂಜೆಯವರೆಗೆ ಬಟ್ಟೆ ಇಸ್ತ್ರಿ ಮಾಡಿದಳು, ಹೋಗಿ ನೋಡಲಿಲ್ಲ.

ಶನಿವಾರ ಗಡಿಯಾರದಣ್ಣ ಒಬ್ಬನೇ ಬಂದ.

"ಅವಳಿಗೆ ಸ್ವಲ್ಪ ಜ್ವರ. ಮಲಗಿದಾಳೆ" ಅಂದ. ಕೂತ. ಬಲಗೈ ಕೋಟಿನ ಜೇಬಿನಲ್ಲಿತ್ತು. ಪಾಠ ಶುರುವಾಗುವ ಮುಂಚೆ ಎರಡು ಮಾತು ಹೇಳಲು ಅಪ್ಪಣೆ ಕೇಳಿದ.

"ಈ ವಾರ ನನಗೊಂದು ಕೃಪೆ ಸಿಕ್ತು. ನನ್ನೊಳಗೊಂದು ಕತ್ತಲೆ ಇತ್ತು. ಅದನ್ನ ಬೆಳಕಿಗೆ ತರೋಕೆ ದೇವರು ಯಾರೋ ಒಬ್ಬ ಸಹೋದರೀನ ಬಳಸಿದ. ಅವರ ಮೇಲೆ ನನಗೆ ಸಿಟ್ಟಿಲ್ಲ." ಅಕ್ಕನ ಕಡೆ ನೋಡಿ ಮುಗುಳ್ನಕ್ಕ. "ಹೋದ ವಾರ ಎಲ್ಲಿಗೆ ನಿಲ್ಲಿಸಿದ್ವಿ? ದೇವರ ಸ್ವಭಾವ ಅಲ್ವಾ?"

ಪುಟ ತಿರುಗಿಸಲು ಅವನು ಎಡಗೈಯಲ್ಲಿ ತಡಕಾಡಿದ. ಪುಸ್ತಕ ತೊಡೆಯಿಂದ ಜಾರಿತು. ಹಿಡಿಯಲು ಬಲಗೈ ತಾನಾಗಿಯೇ ಜೇಬಿನಿಂದ ಹೊರಗೆ ಬಂತು. ಕಿರುಬೆರಳಿನ ಬುಡದಲ್ಲಿ ಕೈ ಊದಿ ನೀಲಿಯಾಗಿತ್ತು. ಎದ್ದು ಕಾಣಬೇಕಾದ ಗೆಣ್ಣು ಒಳಗೆ ಕುಸಿದಿತ್ತು.

ಇದನ್ನೂ ಅಕ್ಕ ನೂರಾರು ಸಲ ನೋಡಿದ್ದಳು. ಮುಷ್ಟಿ ಕಟ್ಟಿ ಗಟ್ಟಿಯಾದದ್ದಕ್ಕೆ ಗುದ್ದಿದವರ ಕೈ ಅದು. ಗೋಡೆಗೋ, ಬಾಗಿಲಿಗೋ, ಇನ್ನೊಬ್ಬರ ದವಡೆಗೋ.

"ಕೈಗೇನಾಯ್ತು?"

"ಅಂಗಡಿ ಷಟರ್ ಬಿತ್ತು ಅಕ್ಕ."

"ಷಟರ್ ಬಿದ್ರೆ ಬೆರಳು ಜಜ್ಜುತ್ತೆ. ಗೆಣ್ಣು ಒಳಗೆ ಹೋಗಲ್ಲ."

 ಕಂಡಕ್ಟರ್ ಆ ಕೈ ನೋಡಿದರು, ಅಕ್ಕನ ಮುಖ ನೋಡಿದರು. ಅಕ್ಕ ಆಗಲೇ ಎದ್ದಿದ್ದಳು.

"ಬನ್ನಿ ನನ್ ಜೊತೆ" ಅಂದಳು ಕಂಡಕ್ಟರಿಗೆ.

"ಅವಳು ಮಲಗಿದಾಳೆ" ಅಂದ ಗಡಿಯಾರದಣ್ಣ, ಅದೇ ಮೆಲುದನಿಯಲ್ಲಿ. "ಎಬ್ಬಿಸಬೇಡಿ."

ಅವರು ಹೋದ ಮೇಲೆ ಕೋಣೆಯಲ್ಲಿ ಉಳಿದದ್ದು ಅವನು ಮತ್ತು ಅಜ್ಜಿ. ಮುಂದೆ ಪೊಲೀಸರು ಕೇಳಿದಾಗ ಅಜ್ಜಿ ಹೇಳಿದ್ದು ಇಷ್ಟು: "ನಮ್ಮಿಬ್ಬರಿಗೋಸ್ಕರ ಪ್ರಾರ್ಥನೆ ಮಾಡ್ತೀನಿ ಅಂದ. ಶುರುವೂ ಮಾಡಿದ. ನಾನು ಮಿಷನ್ ಬಂದ್ ಮಾಡಿದೆ."

ಗಡಿಯಾರದ ಅಂಗಡಿ ಕೆಳಗೆ, ಮನೆ ಮೇಲೆ. ಮೆಟ್ಟಿಲು ಹತ್ತಿದರೆ ಬಾಗಿಲಿಗೆ ಹೊರಗಿನಿಂದ ಬೀಗ. ಅಕ್ಕ ಬಾಗಿಲು ಬಡಿದು ಕೂಗಿದಳು. ಒಳಗಿನಿಂದ ಸದ್ದಿಲ್ಲ. ಕಂಡಕ್ಟರ್ ಕೆಳಗಿಳಿದು ಪಕ್ಕದ ಸೈಕಲ್ ಅಂಗಡಿಯಿಂದ ಕಬ್ಬಿಣದ ಸಲಾಕೆ ತಂದರು. ಅರವತ್ತೇಳು ವರ್ಷದ ಮನುಷ್ಯ, ಮೂರನೇ ಏಟಿಗೆ ಚಿಲಕ ಕಿತ್ತು ಬಂತು.

ಮೊದಲ ಕೋಣೆ ಅಚ್ಚುಕಟ್ಟಾಗಿತ್ತು. ಹೊಲಿಯಲು ಬಂದ ಅಂಗಿಗಳು ಮಡಚಿ ಒಂದರ ಮೇಲೊಂದು ಇದ್ದವು. ಕಾಜಾದವಳು ಅಡುಗೆಮನೆಯಲ್ಲಿ, ಒಲೆಯ ಕಟ್ಟೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮುದುಡಿಕೊಂಡು ಬಿದ್ದಿದ್ದಳು. ಮಂಗಳವಾರ ಹಾಕಿದ ಪ್ಲಾಸ್ಟರ್ ಮೊಣಕೈ ಹತ್ತಿರ ಒಡೆದಿತ್ತು. ಮುಖ ಅವಳದೆಂದು ಹೇಳಲು ಆಗುತ್ತಿರಲಿಲ್ಲ. ಒಂದು ಕಣ್ಣು ತೆರೆದಿತ್ತು. ಅದು ಅಕ್ಕನನ್ನು ನೋಡಿತು, ಗುರುತು ಹಿಡಿಯಿತು, ಬೇರೆ ಕಡೆ ತಿರುಗಿತು.

ಕಂಡಕ್ಟರ್ ಬಾಗಿಲ ಚೌಕಟ್ಟು ಹಿಡಿದು ನಿಂತರು. "ದೇವರೇ" ಅಂದರು ಒಂದು ಸಲ. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಲು ಓಡಿದರು.

ಆಸ್ಪತ್ರೆಯಲ್ಲಿ ಆ ಶನಿವಾರದ ಪಾಳಿ ಬೇರೆಯವನದು. ಚಿತ್ರಗಳನ್ನು ಅವನೇ ತೆಗೆದ. ಅಕ್ಕ ಜೀವಮಾನದಲ್ಲಿ ಮೊದಲ ಸಲ ತನ್ನದೇ ಬಾಗಿಲ ಹೊರಗೆ, ಬೆಂಚಿನ ಮೇಲೆ, ಉಳಿದವರ ಹಾಗೆ ಕಾದಳು. ದವಡೆ ಎರಡು ಕಡೆ ಮುರಿದಿತ್ತು. ನಾಲ್ಕು ಪಕ್ಕೆಲುಬು ಹೋಗಿದ್ದವು. ಹೊಟ್ಟೆಯ ಎಡಪಕ್ಕದಲ್ಲಿ ಗುಲ್ಮವೆಂಬ ಅಂಗ ಒಡೆದು ರಕ್ತ ತುಂಬಿತ್ತು. ಮೂರು ಗಂಟೆ ಆಪರೇಷನ್ ಆಯಿತು. ಜೀವ ಉಳಿಯಿತು. ಎಡಗಿವಿಯ ಕೇಳ್ಮೆ ಉಳಿಯಲಿಲ್ಲ.

ಗಡಿಯಾರದಣ್ಣ ಸಿಕ್ಕಿದ್ದು ಅಯ್ಯನವರ ಮನೆಯಲ್ಲಿ. ಓಡಿಹೋಗುವ ಯೋಚನೆಯನ್ನೇ ಅವನು ಮಾಡಿರಲಿಲ್ಲ. ಅಯ್ಯನವರ ಮಡಿಲಲ್ಲಿ ತಲೆಯಿಟ್ಟು ಅಳುತ್ತಿದ್ದನಂತೆ. ಪೊಲೀಸರು ಬಂದಾಗ ಅಯ್ಯನವರಿಗೆ ಎದ್ದು ನಿಲ್ಲಲು ಆಗಲಿಲ್ಲ, ಅಂಗಿಯೆಲ್ಲ ಅವನ ಕಣ್ಣೀರಿನಿಂದ ಒದ್ದೆಯಾಗಿತ್ತಂತೆ.

ಚರ್ಚು ಎರಡಾಯಿತು. ಬಾಯಿಬಿಟ್ಟು ಯಾರೂ ಹೊಡೆದದ್ದು ಸರಿ ಅನ್ನಲಿಲ್ಲ. ಅಷ್ಟು ಒಳ್ಳೆಯವನಿಗೆ ಅಷ್ಟು ಸಿಟ್ಟು ಬರಬೇಕಾದರೆ ಅವಳ ಬಾಯಿ ಎಂಥದ್ದಿರಬೇಕು ಅಂದರು. ನಮ್ಮ ಗೋಪುರದ ಗಡಿಯಾರ ಓಡಿಸಿದವನಲ್ಲವೇ ಅಂದರು. ಹೂವಿನ ಅಕ್ಕ ಜೈಲಿಗೆ ಬಿಸ್ಕತ್ತಿನ ಡಬ್ಬಿ ತೆಗೆದುಕೊಂಡು ಹೋದಳು. ಆಸ್ಪತ್ರೆಗೆ ಬಂದವರು ಕಡಿಮೆ. ಬಂದವರೂ ಮಂಚದ ಪಕ್ಕ ನಿಂತು, ತಂತಿ ಬಿಗಿದ ಬಾಯಿಯವಳಿಗೆ ಕ್ಷಮೆಯ ಬಗ್ಗೆ ನಾಲ್ಕು ಮಾತು ಹೇಳಿ ಹೋದರು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರು ಅಕ್ಕನನ್ನು ಪಕ್ಕಕ್ಕೆ ಕರೆದರು. ಮುಖ ಇಳಿದುಹೋಗಿತ್ತು.

"ನಾನೇನು ಮಾಡಬೇಕಿತ್ತು ಅಕ್ಕ? ಪಶ್ಚಾತ್ತಾಪ ಪಟ್ಟೋನನ್ನ ಎದುರಿಗೆ ಕೂರಿಸ್ಕೊಂಡು ನಿನ್ನ ಕಣ್ಣೀರು ಸುಳ್ಳು ಅನ್ನಬೇಕಿತ್ತಾ?"

"ಸುಳ್ಳಲ್ಲ ಅಯ್ಯನವರೇ. ಅದೇ ಕಷ್ಟ. ಅವನು ನಿಜವಾಗೇ ಅಳ್ತಾನೆ."

"ನನ್ನ ತಪ್ಪು ಅಂತೀರಾ?"

"ನೀವು ಮಾಡಿದ್ದು ನಾನು ಬಂದು ಹೇಳಿದ್ದಕ್ಕೆ. ಅವಳು ಬೇಡ ಅಂದಿದ್ಲು."

ಅಯ್ಯನವರು ಕೈಯಲ್ಲಿದ್ದ ಹಾಡಿನ ಪುಸ್ತಕವನ್ನು ತಿರುವಿ ಮುರುವಿ ನೋಡುತ್ತ ನಿಂತರು. 

ಕೋರ್ಟಿನಲ್ಲಿ ಅಕ್ಕ ಸಾಕ್ಷಿ ಹೇಳಿದಳು. ಹಳೆಯ ಗಂಟು, ಹೊಸ ಮುರಿತ, ಎರಡನ್ನೂ ಬೆರಳಿಟ್ಟು ತೋರಿಸಿದಳು. ಗಡಿಯಾರದಣ್ಣನ ಪರ ವಕೀಲ ಸೌಮ್ಯವಾಗಿಯೇ ಕೇಳಿದ.

"ಅಂದ್ರೆ ಆ ಮಂಗಳವಾರವೇ ನಿಮಗೆ ಗೊತ್ತಾಗಿತ್ತು?"

"ಹೌದು."

"ಅವತ್ತೇ ಅವರು ನಿಮ್ಮ ಹತ್ರ ಆಶ್ರಯ ಕೇಳಿದ್ರು?"

"ಹೌದು."

"ಅಷ್ಟು ಅಪಾಯ ಇದೆ ಅಂತ ನಿಮಗೆ ಅನ್ನಿಸಿದ್ರೆ ಮನೆಗೆ ಕರ್ಕೊಂಡು ಹೋಗ್ತಿದ್ರಿ ಅಲ್ವಾ? ಪೊಲೀಸಿಗಾದ್ರೂ ಹೇಳ್ತಿದ್ರಿ. ಹೇಳಿದ್ರಾ?"

"ಇಲ್ಲ."

"ಮತ್ತೆ ಏನು ಮಾಡಿದ್ರಿ?"

"ಅಯ್ಯನವರಿಗೆ ಹೇಳಿದೆ" ಅಂದಳು ಅಕ್ಕ. ತುಂಬಿದ ಕೋರ್ಟಿನಲ್ಲಿ ಕಟಕಟೆಯ ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಅವಳ ಬೆನ್ನು ಬೆವತು ರವಿಕೆ ಅಂಟಿಕೊಂಡಿತು.

ಐದು ವರ್ಷ ಶಿಕ್ಷೆಯಾಯಿತು. ಅದಕ್ಕೂ ಬಹಳ ಮುಂಚೆಯೇ ಆಸ್ಪತ್ರೆಯಿಂದ ಹೊರಬಂದಿದ್ದ ಕಾಜಾದವಳು ಅಕ್ಕನ ಮಹಡಿ ರೂಮಿಗೆ ಬಂದಿರಲಿಲ್ಲ. ತಮ್ಮನ ಹೆಂಡತಿ ಹಾಸಿಗೆ ಝಾಡಿಸಿ, ಕಿಟಕಿಗೆ ಪರದೆ ಕಟ್ಟಿ, ತಾನೇ ಹೋಗಿ ಕರೆದಳು. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಅವಳ ಒಡಹುಟ್ಟಿದ ಅಕ್ಕನ ಮಗಳು ಬಂದು ಕರೆದುಕೊಂಡು ಹೋದಳು. ಎರಡು ತಾಸಿನ ಬಸ್ ದಾರಿ.

ವೇದಪಾಠ ಕೆಲವು ವಾರ ನಿಂತಿತು. ಮತ್ತೆ ಶುರುವಾದಾಗ ಅಕ್ಕನೂ ಸೇರಿ ಮೂರೇ ಜನ. ಅದೇ ಯುದ್ಧದ ಅಧ್ಯಾಯವನ್ನು ಮುಗಿಸಬೇಕೆಂದು ಅಕ್ಕ ಹಟ ಹಿಡಿದಳು. ಕಂಡಕ್ಟರ್ ಓದಿದರು. ಆ ಊರಿನ ಮಕ್ಕಳ ಸಾಲನ್ನು ಮೆಲ್ಲಗೆ ಓದಿದರು.

"ನನಗೆ ಮೊದಲು ಈ ದೇವರು ಕ್ರೂರಿ ಅನ್ನಿಸ್ತಿತ್ತು" ಅಂದಳು ಅಕ್ಕ. "ಈಗಲೂ ಅನ್ಸುತ್ತೆ. ಆದ್ರೆ ಅಡುಗೆಮನೇಲಿ ಅವಳನ್ನ ನೋಡಿದ ದಿನ, ಇವನು ಬೇಕು ಅನ್ನಿಸ್ತು. ಅವತ್ತು ಯಾರಾದ್ರೂ ಸಲಾಕೆ ನನ್ನ ಕೈಗೆ ಕೊಟ್ಟಿದ್ರೆ ನಾನು ವಾಪಸ್ ಈ ಕೋಣೆಗೆ ಬಂದು ಏನು ಮಾಡ್ತಿದ್ನೋ."

ಅಜ್ಜಿ ಮಿಷನ್ ಸರಿಮಾಡಿಕೊಂಡರು. "ಬೇಕು ಅನ್ಸಿದ್ದಕ್ಕೆ ಅವನು ಹಾಗೇ ಇರಬೇಕು ಅಂತೇನಿಲ್ಲ ಮಗಳೇ" ಅಂದರು. "ಬೇಡ ಅನ್ಸಿದ್ರೂ ಅಷ್ಟೆ."  ಕಂಡಕ್ಟರ್ "ಮುಂದೆ ಹೋಗಿ" ಅನ್ನಲಿಲ್ಲ. ಆವತ್ತಿನ ಪಾಠ ಅಲ್ಲಿಗೇ ನಿಂತಿತು.

ಮುಂದಿನ ಬೇಸಗೆಯಲ್ಲಿ ಅಕ್ಕ ಧೈರ್ಯ ಮಾಡಿ ಬಸ್ ಹತ್ತಿದಳು. ಮೂರನೇ ಮಹಡಿಯ ಒಂಟಿ ಕೋಣೆ. ಕಾಜಾದವಳು ಕಿಟಕಿ ಪಕ್ಕ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಮುಖ ಒಂದು ಕಡೆಗೆ ವಾಲಿಕೊಂಡಿತ್ತು. ಮಾತು ಸ್ವಲ್ಪ ಜಗಿದಂತೆ ಬರುತ್ತಿತ್ತು. ಬಲಗಿವಿ ಇವಳ ಕಡೆ ಬರುವಂತೆ ಕುರ್ಚಿ ತಿರುಗಿಸಿಕೊಂಡಳು. ನೀರು ಕೊಟ್ಟಳು. ಆರೋಗ್ಯದ ಮಾತು, ಬಿಸಿಲಿನ ಮಾತು ಆದವು.

"ಜೈಲಲ್ಲಿ ಅವನಿಗೆ ಯಾರೋ ಹೊಡೆದ್ರಂತೆ" ಅಂದಳು ಕಾಜಾದವಳು ಇದ್ದಕ್ಕಿದ್ದಂತೆ. "ಬೆರಳೇ ಮುರಿದ್ರಂತೆ. ಇನ್ನು ಆ ಸಣ್ಣ ಕೆಲಸ ಮಾಡೋಕಾಗಲ್ಲ ಅಂತ ವಕೀಲರು ಹೇಳಿದ್ರು."

ಅಕ್ಕ ನೀರಿನ ಲೋಟ ಕೆಳಗಿಟ್ಟಳು.

"ಇದಕ್ಕೇ ಅಲ್ವಾ ನಾನು ಅಷ್ಟು ವರ್ಷ ಬೇಡಿದ್ದು? ಕೇಳಿ ಖುಷಿಯಾಗುತ್ತೆ ಅಂತ ಕಾದೆ. ಆಗಲಿಲ್ಲ. ಆಗಲಿಲ್ವಲ್ಲ ಅಂತ ಅದಕ್ಕೂ ಸಿಟ್ಟು ಬಂತು. ನನ್ನದು ಅಂತ ಇದ್ದದ್ದು ಆ ಆಸೆಯೊಂದೇ." ಹಲ್ಲಿನಲ್ಲಿ ದಾರ ಕಡಿಯಲು ಹೋದಳು. ದವಡೆ ಕೂಡಲಿಲ್ಲ. ಕತ್ತರಿ ತೆಗೆದುಕೊಂಡಳು.

"ನನ್ನಿಂದ ತಪ್ಪಾಯ್ತು ಕಣೇ" ಅಂದಳು ಅಕ್ಕ. ಬಸ್ಸಿನಲ್ಲಿ ಎರಡು ತಾಸು ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಬಾಯಿಗೆ ಬಂದದ್ದು ಇದೊಂದೇ.

"ಹೌದು" ಅಂದಳು ಕಾಜಾದವಳು. "ನಾನು ಕೇಳಿದ್ದು ನಿಮ್ಮನ್ನ. ದೇವರನ್ನ ಅಲ್ಲ, ಅಯ್ಯನವರನ್ನ ಅಲ್ಲ. ಅವತ್ತು ಆಸ್ಪತ್ರೇಲಿ ಬಾಗಿಲು ಹಾಕಿ ನನ್ನನ್ನ ಕೇಳಿದ್ರಲ್ಲ, ಆಗ ನನಗೆ ಯಾರೋ ಸಿಕ್ಕಿದ್ರು ಅನ್ನಿಸಿತ್ತು." ಅಂಗಿ ಮಡಚಿ ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು. "ಕ್ಷಮಿಸಿದೀನಿ ಅನ್ನಿಸ್ಕೊಳ್ಳೋಕೆ ಬಂದಿದ್ರೆ, ಇವತ್ತು ಆಗಲ್ಲ ಅಕ್ಕ. ಮುಂದೆ ಆಗುತ್ತೋ ಇಲ್ವೋ, ಅದನ್ನೂ ಹೇಳೋಕಾಗಲ್ಲ."

"ಆಯ್ತು."

"ಬಸ್ಸು ಎಷ್ಟು ಹೊತ್ತಿಗೆ?"

"ಇನ್ನೂ ಒಂದೂವರೆ ಗಂಟೆ ಇದೆ."

ಕಾಜಾದವಳು ಅವಳನ್ನು ಹೋಗು ಅನ್ನಲಿಲ್ಲ, ಇರು ಅನ್ನಲೂ ಇಲ್ಲ. ಅಂಗಿಯ ಮೇಲೆ ಗುಂಡಿಯ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕತೊಡಗಿದಳು. ಅಕ್ಕ ಕೂತೇ ಇದ್ದಳು. ಕೆಳಗೆ ರಸ್ತೆಯಲ್ಲಿ ಯಾರೋ ನೀರಿನ ಡ್ರಮ್ಮು ಉರುಳಿಸಿಕೊಂಡು ಹೋದರು. ಬಸ್ಸಿನ ಹೊತ್ತಾಗುತ್ತ ಬಂತು.  ಅಕ್ಕ ಚಪ್ಪಲಿ ಮೆಟ್ಟಿ ಹೊರಡುವಾಗ ಕಾಜಾದವಳು ತಲೆಯೆತ್ತದೆ, ಮೆಟ್ಟಿಲಲ್ಲಿ ಎರಡನೇ ತಿರುವಿನ ಕಲ್ಲು ಸಡಿಲ ಇದೆ, ನೋಡಿ ಇಳೀರಿ ಅಂದಳು.